ಸಾವಿರ ರೂಪಾಯಿ ಪಿಂಚಣಿ ಯಾವುದಕ್ಕೆ ಸಾಲುತ್ತದೆ?

ಸಂಪಾದಕರೇ,

ಪಿಂಚಣಿ ಹೆಚ್ಚಿಸಿದರೆ ಸರ್ಕಾರಕ್ಕೆ ಹೊರೆ ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. ಆ ದುಡ್ಡು ಎಲ್ಲಿ ಖರ್ಚಾಗುತ್ತದೆ ಅನ್ನೋದನ್ನೂ ನೋಡಬೇಕಲ್ವಾ?

ನಮ್ಮ ಕಲಬುರಗಿ ಜಿಲ್ಲೆಯ ವಾಡಿ, ಶಹಾಬಾದ್, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರು ಬಹಳ ಜನ. ಅವರಿಗೆ ಆಸರೆ ಪಿಎಫ್ ಜೊತೆಗಿನ 1995ರ ನೌಕರರ ಪಿಂಚಣಿ ಯೋಜನೆ (ಇಪಿಎಸ್). ಅದರ ಕನಿಷ್ಠ ಪಿಂಚಣಿ 2014ರಲ್ಲಿ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿಯಾಯಿತು. ಸರ್ಕಾರಿ ನಿವೃತ್ತರಿಗೆ ಸಿಗುವಂತೆ ಇದಕ್ಕೆ ತುಟ್ಟಿಭತ್ಯೆ ಇಲ್ಲ. ಜೋಳದ ದರ ಏರಿದರೂ ಪಿಂಚಣಿ ಏರುವುದಿಲ್ಲ. ನಮ್ಮ ಓಣಿಯ ಕಾಕಾ ಔಷಧಿ ಅಂಗಡಿಯಲ್ಲಿ ಬಿಪಿ ಮಾತ್ರೆಯ ಚೀಟಿ ಕೊಟ್ಟು, 'ಅರ್ಧ ಪಟ್ಟಿ ಕತ್ತರಿಸಿ ಕೊಡಪ್ಪ' ಅಂತಾರೆ. ತೊಗರಿ ಬೇಳೆ ಕಾಲು ಕಿಲೋ ಒಯ್ಯುತ್ತಾರೆ. ತೊಗರಿ ಕಣಜ ಎನ್ನಿಸಿಕೊಂಡ ಜಿಲ್ಲೆ ಇದು!

ಮೂಟೆ ಹೊರುವ ಎಷ್ಟೋ ಹಮಾಲರಿಗೆ ಪಿಎಫ್ ಕೂಡ ಇಲ್ಲ. ವಯಸ್ಸು 40 ದಾಟಿದವರಿಗೆ ಕೇಂದ್ರದ ಅಟಲ್ ಪಿಂಚಣಿ ಯೋಜನೆಗೆ ಹೊಸದಾಗಿ ಸೇರುವ ಬಾಗಿಲೂ ಮುಚ್ಚಿದೆ.

ಹಿರಿಯರ ಕೈಗೆ ಬಂದ ದುಡ್ಡು ಊರಿನ ಕಿರಾಣಿ, ಔಷಧಿ ಅಂಗಡಿಗಳಿಗೇ ಹೋಗುತ್ತದೆ. ಆರ್ಥಿಕ ನೀತಿ ಅಧ್ಯಯನ ಮಾಡುವ ಸಂಸ್ಥೆಗಳು ಖಜಾನೆಯ ಖರ್ಚಿನ ಜೊತೆ ನಮ್ಮ ಸಂತೆಯ ವ್ಯಾಪಾರವನ್ನೂ ಲೆಕ್ಕ ಹಾಕಲಿ. ಕೇಂದ್ರ ಸರ್ಕಾರ ಕನಿಷ್ಠ ಪಿಂಚಣಿ ಹೆಚ್ಚಿಸಿ, ಅದಕ್ಕೆ ತುಟ್ಟಿಭತ್ಯೆ ಜೋಡಿಸಲಿ.

– ಒಬ್ಬ ಓದುಗ, ಶಹಾಬಾದ್, ಕಲಬುರಗಿ ಜಿಲ್ಲೆ