ಹೂ ಬಾಡಿದ ಮೇಲಿನ ಕುಂಡ

ಯುಗಾದಿ ಹತ್ತಿರವಾದಂತೆ, ಹೊರಗೆ ಹಿಮ ಇನ್ನೂ ಪೂರ್ತಿ ಕರಗಿರದ ಉತ್ತರ ಅಮೆರಿಕದ ನಮ್ಮ ಊರುಗಳ ಅಂಗಡಿಗಳಿಗೆ ಹಯಸಿಂತ್, ಡ್ಯಾಫೊಡಿಲ್, ಟ್ಯುಲಿಪ್‌ಗಳ ಪುಟ್ಟ ಕುಂಡಗಳು ಬರುತ್ತವೆ. ತೋರಣಕ್ಕೆ ಮಾವಿನೆಲೆ ಸಿಗದಿದ್ದರೂ ಮನೆಯಲ್ಲಿ ಹೂವಾದರೂ ಇರಲಿ ಎಂದು ನಮ್ಮಲ್ಲಿ ಅನೇಕರು ಅವನ್ನು ಕೊಳ್ಳುತ್ತೇವೆ. ಹಯಸಿಂತ್‌ನ ಗಾಢ ಪರಿಮಳ ನನಗಂತೂ ಊರಿನ ಸುಗಂಧರಾಜವನ್ನು ನೆನಪಿಸುತ್ತದೆ. ಆದರೆ ಹೂ ಬಾಡಿದ ಮರುದಿನವೇ ಗೆಡ್ಡೆಸಹಿತ ಕುಂಡ ಕಸದ ಬುಟ್ಟಿ ಸೇರುವುದನ್ನು ಕಂಡಾಗ ನಿಜಕ್ಕೂ ನೋವಾಗುತ್ತದೆ.

ಈ ಹೂಗಳನ್ನು ಬೆಳೆಯುವವರು ಗೆಡ್ಡೆಗಳನ್ನು ಸುಮಾರು 12ರಿಂದ 16 ವಾರ ತಣ್ಣನೆಯ ಕೋಣೆಯಲ್ಲಿಟ್ಟು, ಚಳಿಗಾಲ ಕಳೆಯಿತೆಂದು ಅವಕ್ಕೆ ಅನ್ನಿಸಿದ ಮೇಲೆಯೇ ಬೆಳಕಿಗೆ ತರುತ್ತಾರೆ. ಅಂಥ ಗಿಡವನ್ನು ಹೀಟರಿನ ಬಿಸಿಗಾಳಿಗೆ ಒಡ್ಡಿದರೆ ಹೂ ನಾಲ್ಕೇ ದಿನದಲ್ಲಿ ಸೊರಗುತ್ತದೆ. ಬೆಳಕಿರುವ ತಂಪಾದ ಕಿಟಕಿಯ ಬಳಿ ಇಡಿ. ಕುಂಡಕ್ಕೆ ಸುತ್ತಿದ ಬಣ್ಣದ ಹಾಳೆಯನ್ನು ತೆಗೆದುಬಿಡಿ, ಏಕೆಂದರೆ ಅದರೊಳಗೆ ನಿಂತ ನೀರಿನಿಂದಲೇ ಗೆಡ್ಡೆ ಕೊಳೆಯುತ್ತದೆ.

ಹೂ ಬಾಡಿದ ಮೇಲೆ ಹೂವಿನ ದಂಟನ್ನು ಮಾತ್ರ ಕತ್ತರಿಸಬೇಕು, ಎಲೆಗಳನ್ನು ಮುಟ್ಟಬಾರದು. ಮುಂದಿನ ವರ್ಷದ ಹೂವಿಗೆ ಬೇಕಾದ ಆಹಾರವನ್ನು ಆ ಎಲೆಗಳೇ ಬಿಸಿಲಿನಿಂದ ತಯಾರಿಸಿ ಗೆಡ್ಡೆಗೆ ಇಳಿಸುವುದರಿಂದ, ಅವು ತಾವಾಗಿ ಹಳದಿಯಾಗುವವರೆಗೆ, ಅಂದರೆ ಆರೇಳು ವಾರ, ನೀರೂ ಬಿಸಿಲೂ ಸಿಗುತ್ತಿರಬೇಕು. ನೋಡಲು ಚೆನ್ನಾಗಿಲ್ಲವೆಂದು ಎಲೆಗಳನ್ನು ಜಡೆಯಂತೆ ಹೆಣೆದು ಕಟ್ಟುವವರಿದ್ದಾರೆ. ಹಾಗೆ ಕಟ್ಟಿದರೆ ಅವಕ್ಕೆ ಬೆಳಕು ಸಾಲದು. ಒಣಗಿದ ಗೆಡ್ಡೆಗಳನ್ನು ಕಾಗದದ ಚೀಲದಲ್ಲಿ ಗಾಳಿಯಾಡುವ ಕಡೆ ಇಟ್ಟು, ನವರಾತ್ರಿಯ ಹೊತ್ತಿಗೆ ಅಂಗಳದಲ್ಲಿ ಗೆಡ್ಡೆಯ ಎತ್ತರದ ಮೂರರಷ್ಟು ಆಳಕ್ಕೆ ನೆಡಬಹುದು.

ಅಡುಗೆಮನೆಯಲ್ಲಿ ಮಾತ್ರ ಅವನ್ನು ಇಡಬೇಡಿ. ಡ್ಯಾಫೊಡಿಲ್ ಗೆಡ್ಡೆ ಈರುಳ್ಳಿಯಂತೆಯೇ ಕಾಣುತ್ತದೆ, ಆದರೆ ವಿಷ. ಮಕ್ಕಳಿರುವ, ಬೆಕ್ಕು ನಾಯಿಗಳಿರುವ ಮನೆಯಲ್ಲಿ ಹೆಚ್ಚಿನ ಎಚ್ಚರ ಬೇಕು. ಹಯಸಿಂತ್ ಗೆಡ್ಡೆ ಮುಟ್ಟಿದರೆ ಕೆಲವರಿಗೆ ಕೈ ತುರಿಸುತ್ತದೆ, ಆದ್ದರಿಂದ ಕೈಗವಸು ಹಾಕಿಕೊಳ್ಳಿ.

ಕುಂಡದ ಟ್ಯುಲಿಪ್ ಮತ್ತೆ ಹೂ ಬಿಡುವುದು ಅಪರೂಪ. ಹಯಸಿಂತ್ ಬಿಟ್ಟರೂ ಹೂಗೊಂಚಲು ತೆಳ್ಳಗಿರುತ್ತದೆ. ಡ್ಯಾಫೊಡಿಲ್ ಹಾಗಲ್ಲ, ಅದು ಮತ್ತೆ ಹೂ ಬಿಡುವ ಸಾಧ್ಯತೆ ಹೆಚ್ಚು. ಅದನ್ನು ಜಿಂಕೆ, ಅಳಿಲುಗಳೂ ಸಾಮಾನ್ಯವಾಗಿ ಮುಟ್ಟುವುದಿಲ್ಲ. ನೆಟ್ಟ ಮೊದಲ ವಸಂತದಲ್ಲಿ ಅದು ಬರಿಯ ಎಲೆ ಬಿಟ್ಟರೆ ಕೀಳಬೇಡಿ, ಇನ್ನೊಂದು ವರ್ಷ ಕಾದು ನೋಡಿ.