ಗೋಕರ್ಣಕ್ಕೊಂದು ‘ಓ’ ಸೇರಿಸಿದರೆ

ಗಪ್ಪತಿ,

ಕಾಂಗರೂ ನೋಡೋಕೆ ನೀನು ಮೆಲ್ಬರ್ನ್‌ವರೆಗೆ ಹೋಗಬೇಕಿರಲಿಲ್ಲ ಮಾರಾಯಾ. ಗೋಕರ್ಣದಲ್ಲೇ ಇತ್ತು. ಹೈವೇ ಬೋರ್ಡಿನಲ್ಲಿ ಇಂಗ್ಲಿಷಿನಲ್ಲಿ ಬರೆದಿರ್ತಾರಲ್ಲ, ಜಿ ಓ ಕೆ ಎ ಆರ್ ಎನ್ ಎ ಅಂತ. ಅದಕ್ಕೆ ಇನ್ನೊಂದು ಓ ಸೇರಿಸಿ ಕಲಸಿಬಿಡು. ಕಾಂಗರೂ! ಒಂದಕ್ಷರವೂ ಮಿಗಲ್ಲ. ಉತ್ತರಕ್ಕೆ ಹೋದರೆ ಅಂಕೋಲಾ. ಅದರಲ್ಲಿ ಎನ್ ಒಂದನ್ನು ಕಿತ್ತು ಬಿಸಾಡು, ಕೊವಾಲಾ ಬರುತ್ತೆ. ಎರಡೂ ನಿನ್ನ ಆಸ್ಟ್ರೇಲಿಯಾದವೇ. ನಂಬಿಕೆ ಇಲ್ಲದಿದ್ದರೆ ಪೇಪರ್ ಪೆನ್ನು ತಗೋ. ಇದನ್ನು ಓದ್ತಾ ಇರೋ ಉಳಿದವರೂ ತಗೊಳ್ಳಿ, ನಾನು ಕಾಯ್ತೇನೆ.

ನಮ್ಮ ಕುಮಟಾದಲ್ಲಿ ಮ್ಯಾಟ್ ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಸಿಗಲಿಲ್ಲ. ಊರಿನ ಸ್ವಭಾವಕ್ಕೆ ಸರಿಯಾಗೇ ಇದೆ ಬಿಡು, ಮಧ್ಯಾಹ್ನ ಉಂಡು ಉರುಳೋಕೆ. ಕಾರವಾರದ ಬಾಲದಲ್ಲಿ ವಾರ್ ಇದೆ. ಅದಕ್ಕೇ ಇರಬೇಕು, ಟಾಗೋರ್ ಬೀಚಿನಲ್ಲಿ ಐಎನ್‌ಎಸ್ ಚಾಪಲ್ ಅನ್ನೋ ಯುದ್ಧನೌಕೆಯನ್ನೇ ತಂದು ನಿಲ್ಲಿಸಿದ್ದಾರೆ.

ಈ ಹುಚ್ಚು ಹಿಡಿಸಿದವನು ನೀನೇ. 2022ರಲ್ಲಿ ಬೆಳಗಾದರೆ ಸಾಕು, ಹಸಿರು ಹಳದಿ ಚೌಕ ಕಳಿಸ್ತಿದ್ದೆ. ವರ್ಡಲ್ ಅನ್ನೋ ಆಟದ್ದು. ಐದಕ್ಷರದ ಪದ ಊಹಿಸಬೇಕು, ಆರೇ ಅವಕಾಶ. ನನಗೆ ಪದ ಹೊಳೀಲಿಲ್ಲ ಅಂದಾಗ ಚುಕ್ಕಿ ವಿದ್ಯೆ ಹೇಳಿಕೊಟ್ಟೆ. ಕಂಪ್ಯೂಟರಿನಲ್ಲಿ ಪದ ಹುಡುಕೋ ಗ್ರೆಪ್ ಅನ್ನೋ ಕಮಾಂಡು, ಗೊತ್ತಿಲ್ಲದ ಅಕ್ಷರದ ಜಾಗಕ್ಕೆ ಒಂದು ಚುಕ್ಕಿ, ಶುರುವಿಗೆ ಟೋಪಿ ಚಿಹ್ನೆ, ಕೊನೆಗೆ ಡಾಲರ್. ಡಿಕ್ಷನರಿ ಫೈಲಿನಲ್ಲಿ ಆ ಅಳತೆಗೆ ಕೂರೋ ಪದಗಳೆಲ್ಲ ಸಾಲಾಗಿ ಬಂದು ನಿಲ್ತವೆ. ಅಕ್ಕನ ಮಗಳು ಇದನ್ನು ಕಾಪಿ ಹೊಡೆಯೋದು ಅಂತಾಳೆ. ನಿನ್ನ ಪ್ರಾಮಾಣಿಕತೆಯ ಬಗ್ಗೆ ನಾನೇನೂ ಹೇಳಲ್ಲ. ಛತ್ರಿ ಪ್ರಕರಣ ಎಲ್ಲರಿಗೂ ನೆನಪಿದೆ.

ಈಗ ನಾನು ಎಲ್ಲಿಗೆ ಮುಟ್ಟಿದ್ದೇನೆ ಕೇಳು. ಎ, ಇ, ಐ, ಓ, ಯು ಒಂದೂ ಇಲ್ಲದ ಪದ ಬೇಕಾ? ರಿದಮ್, ನಿಂಫ್, ಕಾಡುಬೆಕ್ಕು ಲಿಂಕ್ಸ್. ಕ್ಯೂ ಇದ್ದೂ ಅದರ ಬೆನ್ನಿಗೆ ಯು ಬಾರದ ಪದ ಬೇಕಾ? ನಮ್ಮ ಫಕೀರನನ್ನೇ ಎಫ್ ಎ ಕ್ಯೂ ಐ ಆರ್ ಅಂತ ಬರೆದರೆ, ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟೋ ಸ್ಕ್ರ್ಯಾಬಲ್‌ನಲ್ಲಿ ನಡೆಯುತ್ತೆ. ಆ ಆಟ ಕಟ್ಟಿದ ಆಲ್ಫ್ರೆಡ್ ಬಟ್ಸ್ ಅಮೆರಿಕದ ಆರ್ಕಿಟೆಕ್ಟು. 1930ರ ದಶಕದಲ್ಲಿ ಕೆಲಸ ಹೋಗಿ ಕೂತಾಗ ಪೇಪರಿನಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತೆ ಅಂತ ಎಣಿಸಿದನಂತೆ. ಅದಕ್ಕೇ ನೂರು ಬಿಲ್ಲೆಗಳಲ್ಲಿ ಇ ಮಾತ್ರ 12 ಇವೆ. ಕ್ಯೂ ಒಂದೇ ಒಂದು, ಅದಕ್ಕೆ 10 ಪಾಯಿಂಟು. ಇನ್ನು ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ನನಗೆ ಕುಲದೇವರು. ಫ್ರೆಂಚ್ ಮಾತಾಡೋಕೆ ಬರಲ್ಲ ಪುಣ್ಯಾತ್ಮನಿಗೆ. ಪದಗಳ ಪಟ್ಟಿ ಬಾಯಿಪಾಠ ಮಾಡಿ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ ವಿಶ್ವ ಚಾಂಪಿಯನ್ ಆದ. 2024ರಲ್ಲಿ ಸ್ಪ್ಯಾನಿಷ್‌ನಲ್ಲೂ ಗೆದ್ದ. ಅರ್ಥ ಗೊತ್ತಿಲ್ಲದಿದ್ದರೇನಾಯ್ತು, ಅಕ್ಷರ ಗೊತ್ತಿದ್ದರೆ ಸಾಕು.

ಸಾಕು ಅಂತ ನಾನೂ ಅಂದ್ಕೊಂಡಿದ್ದೆ.

ಈಚೆಗೆ ಬಸ್ಸಿನಲ್ಲಿ ಕಾರವಾರಕ್ಕೆ ಹೋಗ್ತಿದ್ದೆ. ಶಿರೂರು ಬಂತು. 2024ರ ಜುಲೈಯಲ್ಲಿ ಗುಡ್ಡ ಕುಸಿದ ಜಾಗ. ಬಸ್ಸಿನಲ್ಲಿದ್ದವರು ಈಗಲೂ ಅಲ್ಲಿ ಮಾತು ನಿಲ್ಲಿಸಿ ಗುಡ್ಡದ ಕಡೆ, ಗಂಗಾವಳಿ ಹೊಳೆ ಕಡೆ ಕತ್ತು ತಿರುಗಿಸ್ತಾರೆ. ಪಕ್ಕದಲ್ಲಿ ಕೂತ ಹೆಂಗಸು ಕೈ ಮುಗಿದಳು. ನನ್ನ ಕಣ್ಣು ಬೋರ್ಡಿನ ಮೇಲಿತ್ತು. ಎರಡು ಆರ್ ಇದೆ, ಒಂದು ಎಸ್, ಒಂದು ಎಚ್. ರಶ್ ಸಿಗುತ್ತೆ ಅಂತ ಲೆಕ್ಕ ಹಾಕ್ತಿದ್ದೆ.

ಕನ್ನಡ ಬೋರ್ಡಿನ ಜೊತೆ ಈ ಆಟ ನಡೆಯಲ್ಲ, ಗಮನಿಸಿದ್ದೀಯಾ? ಗೋಕರ್ಣದಲ್ಲಿ ಮೂರೇ ಅಕ್ಷರ, ಕೊನೆಯದಕ್ಕೆ ಅರ್ಕಾವತ್ತು ಬೇರೆ. ಬಿಡಿಸೋಕೆ ಹೋದರೆ ಕೈಗೆ ಏನೂ ಬರಲ್ಲ. ಹಾಗಂತ ನಮ್ಮ ಕಡೆಯವರಿಗೆ ಅಕ್ಷರದಾಟ ಹೊಸದೇನಲ್ಲ. ಅವಧಾನದಲ್ಲಿ ನಿಷೇಧಾಕ್ಷರಿ ನೋಡಿದ್ದೆವಲ್ಲ. ವೇದಿಕೆಯಲ್ಲೇ ಪದ್ಯ ಕಟ್ಟೋ ಅವಧಾನಿ ಒಂದಕ್ಷರ ಹೇಳಿದ ಕೂಡಲೇ, ಅವನನ್ನು ಪರೀಕ್ಷಿಸೋ ಪೃಚ್ಛಕ ಮುಂದಿನದನ್ನು ಊಹಿಸಿ ‘ಅದು ಬೇಡ’ ಅಂತಾನೆ. ಅದನ್ನು ಬಿಟ್ಟು ಪದ್ಯ ಕಟ್ಟಬೇಕು. ಆದರೆ ಛಂದಸ್ಸು ತಪ್ಪಬಾರದು, ಅರ್ಥವೂ ಕೆಡಬಾರದು. ಅದನ್ನು ನೋಡಿ ಬಂದು ನಾವಿಬ್ಬರೂ ತುಟಿಗೆ ತುಟಿ ತಾಗಿಸದೆ ಮಾತಾಡೋ ಪಂದ್ಯ ಕಟ್ಟಿದ್ದೆವು. ಪ ಇಲ್ಲ, ಬ ಇಲ್ಲ, ಮ ಇಲ್ಲ. ಗೇರುಬೀಜ ಕದಿಯೋವಾಗ ‘ಅಪ್ಪ ಬಂದ್ರು’ ಅಂತ ಕಿರುಚಿ ನೀನು ಸೋತೆ. ಅಪ್ಪ ಅನ್ನೋಕೆ ತುಟಿ ತಾಗಲೇಬೇಕಲ್ಲ.

ಅಪ್ಪನ ವಿಷಯ ಬರೀಬಾರದು ಅಂತಲೇ ಕೂತಿದ್ದೆ. ‘ಸ್ವಲ್ಪ ಹುಷಾರಿಲ್ಲ’ ಅಂತಷ್ಟೇ ನಿನಗೆ ಹೇಳಿದ್ದೆನಲ್ಲ, ಹಾರ್ಟಿನದ್ದು. ಮಂಗಳೂರಿಗೆ ಕರಕೊಂಡು ಹೋಗಿದ್ದೆವು. ಮನೆಗೆ ಬಿಡೋ ದಿನ ಭಾವ ಒಳಗೆ ಡಾಕ್ಟರ ಹತ್ತಿರ ಮಾತಾಡ್ತಿದ್ದ. ಡಿಸ್ಚಾರ್ಜ್ ಸಮರಿ ನನ್ನ ಕೈಯಲ್ಲಿತ್ತು. ಪಂಪಿಂಗ್ ಎಷ್ಟು ಪರ್ಸೆಂಟ್ ಇದೆ ಅನ್ನೋದು ಅದರಲ್ಲಿ ಕೆಳಗೆಲ್ಲೋ ಬರೆದಿತ್ತು. ನಾನು ಕೆಳಗೆ ಇಳೀಲೇ ಇಲ್ಲ. ತಲೆಬರಹದಲ್ಲೇ ನಿಂತೆ. ಡಿಸ್ಚಾರ್ಜ್, ಒಂಬತ್ತು ಅಕ್ಷರ, ಒಂದೂ ಎರಡನೇ ಸಲ ಬರಲ್ಲ. ಸರ್ಚ್ ಇದೆ. ಗ್ರೇಡ್ ಇದೆ. ಚೇರ್ಸ್ ಇದೆ. ಎಚ್ ಒಂದನ್ನು ತೆಗೆದೆ. ಡಿಸ್‌ಗ್ರೇಸ್. ಎಂಟಕ್ಷರ!

ಖುಷಿಯಾಯ್ತು ಗಪ್ಪತಿ. ನಿಜವಾಗಿ ಖುಷಿಯಾಯ್ತು. ಪಕ್ಕದಲ್ಲೇ ಅಪ್ಪ ವ್ಹೀಲ್‌ಚೇರಿನಲ್ಲಿ ಕೂತಿದ್ದರು. ಶರ್ಟಿನ ಗುಂಡಿ ಒಂದು ಮನೆ ತಪ್ಪಿ ಹಾಕಿಕೊಂಡು, ಕಾಲರ್ ಒಂದು ಕಡೆ ಕಿವಿ ಹತ್ತಿರ ಬಂದಿತ್ತು. ಭಾವ ಹೊರಗೆ ಬಂದವನೇ ಬಗ್ಗಿ ಎಲ್ಲ ಬಿಚ್ಚಿ ಸರಿಯಾಗಿ ಹಾಕಿದ. ನಾನು ಅಷ್ಟು ಹೊತ್ತು ಅವರನ್ನು ನೋಡಿರಲೇ ಇಲ್ಲ.

ಹೆದರಿಕೆ ಆಗಿತ್ತು ಅಂತ ಈಗ ಅನಿಸುತ್ತೆ. ಆ ಹಾಳೆಯಲ್ಲಿ ಇರೋದೆಲ್ಲ ಬರೀ ಅಕ್ಷರ ಆಗಿರಲಿ, ಯಾವುದಕ್ಕೂ ಅರ್ಥ ಇಲ್ಲದಿರಲಿ ಅಂತ ಆಸೆ ಇತ್ತೇನೋ. ರಾತ್ರಿ ನಿದ್ದೆ ಬರದಿದ್ದಾಗಲೂ ನಾನು ಮಾಡೋದು ಇದನ್ನೇ. ನಾಲ್ಕು ವರ್ಷದಿಂದ ಇದು ಟೈಂಪಾಸ್ ಅಂತ ಎಲ್ಲರಿಗೂ ಹೇಳ್ಕೊಂಡು ಬಂದಿದ್ದೇನೆ. ಯಾವುದರಿಂದ ಪಾಸಾಗೋಕೆ ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸಾಕು, ಜಾಸ್ತಿಯಾಯ್ತು. ಊರವರೆಲ್ಲ ಓದೋ ಪತ್ರ ಇದು. ನಾಳೆ ಮೀನು ಪೇಟೆಯಲ್ಲಿ ಯಾರಾದರೂ ‘ಎಂತಾ ಆಯ್ತೋ ನಿಂಗೆ’ ಅಂತ ಕೇಳಿದರೆ, ಕಥೆ ಬರೆದದ್ದು ಅಂದುಬಿಡ್ತೇನೆ. ಅಪ್ಪ ಈಗ ಆರಾಮ. ಉಪ್ಪು ಕಡಿಮೆ ಮಾಡಿದ್ದಕ್ಕೆ ಅಮ್ಮನ ಜೊತೆ ಮಾತು ಬಿಟ್ಟಿದ್ದಾರೆ. ಉಪ್ಪಿನಕಾಯಿ ಭರಣಿ ಅಟ್ಟಕ್ಕೆ ಹೋಗಿದೆ. ಏಣಿ ಎಲ್ಲಿದೆ ಅಂತ ನನ್ನನ್ನು ಗುಟ್ಟಾಗಿ ಕೇಳಿದರು.

ಅಂದ ಹಾಗೆ ನಿನ್ನ ಮೆಲ್ಬರ್ನ್ ಭಾರೀ ಶ್ರೀಮಂತ ಊರು ಕಣೋ, ಒಂದು ರಾತ್ರಿ ಪೂರ್ತಿ ಸಾಲಲಿಲ್ಲ. ಲೆಮನ್ ಇದೆ. ನಂಬರ್ ಇದೆ. ಐದಕ್ಷರದ್ದು ಇನ್ನೊಂದಿದೆ, ಅದು ಬೇಡ. ನಂಬರ್ ಇದೆಯಲ್ಲ, ಅಪ್ಪನಿಗೊಂದು ಫೋನ್ ಮಾಡು. ಸಂಜೆ ಆರರ ಮೇಲೆ ಎತ್ತಲ್ಲ, ಟೀವಿ ನೋಡ್ತಿರ್ತಾರೆ. ಲೆಮನ್ ಸುದ್ದಿ ಮಾತ್ರ ತೆಗೀಬೇಡ, ಉಪ್ಪಿನಕಾಯಿ ಹಾಕಿ ಕಳಿಸು ಅಂತಾರೆ.