ಸಾಗುವಾನಿ ಮರಕ್ಕೆ ಓಕ್ ಮರದ ಹುಳು ಬರುವುದಿಲ್ಲ

ಸಂಪಾದಕರೇ,

ಹೋದ ಜೂನ್‌ನಲ್ಲಿ ಹಿರಿಯಡಕದ ನಮ್ಮ ಮನೆ ಪಕ್ಕದ ಸಾಗುವಾನಿ ಮರಗಳು ನಾಲ್ಕೈದು ದಿನದಲ್ಲೇ ಬೋಳಾದವು. ಮಳೆ ಬಿಟ್ಟ ಹೊತ್ತಲ್ಲೂ ಮರದ ಕೆಳಗೆ ಪಟಪಟ ಸದ್ದು, ಹೋಗಿ ನೋಡಿದರೆ ಮೇಲಿಂದ ಹುಳುಗಳ ಹಿಕ್ಕೆ ಉದುರುತ್ತಿತ್ತು. ಅದೇ ವಾರ ವಾಟ್ಸಾಪ್‌ನಲ್ಲಿ ಒಂದು ವಿಡಿಯೊ ಬಂತು, ಮುಟ್ಟಿದರೆ ಮೈಯೆಲ್ಲ ದದ್ದು ಏಳುವ ಹುಳು ಇದು ಅಂತ. ಹೆದರಿದ ನೆರೆಯವರು ಬಾವಿಕಟ್ಟೆಯ ಪಕ್ಕದ ಮರಕ್ಕೂ ಕೀಟನಾಶಕ ಹೊಡೆಸಿದರು. ಮರುದಿನ ಜೋರು ಮಳೆ. ಆ ನೀರು ಎಲ್ಲಿಗೆ ಇಳಿಯಿತೋ ಅಂತ ನೆನೆದರೆ ಈಗಲೂ ಸಂಕಟವಾಗುತ್ತದೆ.

ವಿಡಿಯೊದಲ್ಲಿ ಇದ್ದದ್ದು ಯುರೋಪಿನ ಓಕ್ ಮರದ ಹುಳು. ಒಂದರ ಹಿಂದೆ ಒಂದು ಸಾಲುಗಟ್ಟಿ ಹೋಗುತ್ತದಲ್ಲ, ಅದೇ. ಅದರ ರೋಮ ತಾಗಿದರೆ ತುರಿಕೆ ಬರುವುದು ನಿಜ, 2006ರಿಂದ ಲಂಡನ್ನಿನವರಿಗೂ ಅದರ ಕಾಟ ಇದೆ. ಆದರೆ ಅದಕ್ಕೆ ಓಕ್ ಮರ ಬೇಕು. ನಮ್ಮ ದೇಶದಲ್ಲಿ ಓಕ್ ಕಾಡು ಇರುವುದು ಹಿಮಾಲಯದ ಕಡೆ, ಉಡುಪಿಯಲ್ಲಿ ಅಲ್ಲ.

ನಮ್ಮಲ್ಲಿ ಬಂದದ್ದು ಹಿಬ್ಲಿಯಾ ಪ್ಯೂರಾ ಎಂಬ ಸಣ್ಣ ಪತಂಗದ ಹುಳು. ಜಗಲಿಯ ದೀಪಕ್ಕೆ ಬಂದ ಒಂದು ಪತಂಗದ ಮೇಲೆ ಗಾಜಿನ ಲೋಟ ಕವುಚಿ ನೋಡಿದೆ. ಸುಮ್ನೆ ಕೂತಾಗ ಒಣಗಿದ ಎಲೆಯ ಚೂರಿನ ಹಾಗೆ ಕಂದು. ರೆಕ್ಕೆ ಬಿಚ್ಚಿದರೆ ಹಿಂದಿನ ರೆಕ್ಕೆಯ ಕಪ್ಪಿನ ಮೇಲೆ ಕಿತ್ತಳೆ ಪಟ್ಟೆ, ಅದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಇದರ ಹುಳು ಎಲೆಯ ಅಂಚು ಕತ್ತರಿಸಿ ಮಡಚಿಕೊಂಡು ಒಳಗೆ ಅಡಗುತ್ತದೆ, ದಪ್ಪ ನರ ಬಿಟ್ಟು ಉಳಿದದ್ದೆಲ್ಲ ತಿನ್ನುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಸಾಗುವಾನಿಯಲ್ಲಿ ಜಾಸ್ತಿಯಾಗುವ ಹುಳು ಬೇರೆ. ಅದು ಹಸಿರನ್ನು ಮಾತ್ರ ಕೆರೆದು ತಿಂದು ಸಣ್ಣ ನರಗಳನ್ನೂ ಬಿಡುವುದರಿಂದ ಎಲೆ ಸೊಳ್ಳೆಪರದೆಯ ಹಾಗೆ ಕಾಣುತ್ತದೆ. ಭೂತಗನ್ನಡಿ ಬೇಡ, ಬಿದ್ದ ಎಲೆ ಎತ್ತಿ ಬೆಳಕಿಗೆ ಹಿಡಿದರೆ ಸಾಕು.

ನಷ್ಟವೇ ಇಲ್ಲ ಅಂತಲ್ಲ. ಎಳೆಯ ತೋಪುಗಳಲ್ಲಿ ಈ ಹುಳುವಿನಿಂದ ಬೆಳವಣಿಗೆ ಶೇ. 44ರಷ್ಟು ಕಡಿಮೆಯಾಗುತ್ತದೆ ಎಂದು ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು ನಿಲಂಬೂರಿನಲ್ಲಿ ಲೆಕ್ಕ ಹಾಕಿದ್ದಾರೆ. ಈ ಹುಳುವಿಗೆ ರೋಗ ತರುವ ವೈರಸ್ಸನ್ನೇ ಸಿಂಪಡಿಸಿ ಹತೋಟಿಗೆ ತರುವ ದಾರಿಯನ್ನೂ ಅವರು ಮಾಡಿ ತೋರಿಸಿದ್ದಾರೆ. ಆದರೆ ಬೋಳಾದ ಮರ ಮತ್ತೆ ಚಿಗುರುತ್ತದೆ, ನಮ್ಮಲ್ಲೂ ಔಷಧಿ ಬೀಳದ ಮರಗಳು ಚಿಗುರಿದವು. ಹಿತ್ತಲಿನ ಹತ್ತು ಮರಕ್ಕೆ ಕಾಜಾಣ, ಗೊರವಂಕಗಳೇ ಸಾಲುವುದಿಲ್ವಾ?

ದಯವಿಟ್ಟು ಬರುವ ಮೇ ತಿಂಗಳಲ್ಲಿ ಸಾಗುವಾನಿಯ ಈ ಎರಡು ಹುಳು ತಿಂದ ಎಲೆಗಳ ಫೋಟೊ ಪಕ್ಕಪಕ್ಕದಲ್ಲಿ ಹಾಕಿ, ಕಿತ್ತಳೆ ಪಟ್ಟೆಯ ಪತಂಗದ ಫೋಟೊವೂ ಇರಲಿ. ಔಷಧಿ ಅಂಗಡಿಗೆ ಹೊರಡುವ ಮೊದಲು ನಮ್ಮ ಜನ ಅದನ್ನೊಮ್ಮೆ ನೋಡಲಿ.

– ಓದುಗ, ಹಿರಿಯಡಕ